ಪ್ರಮುಖ ಪದಗಳ ಗ್ರಹಿಕೆ (ಉಪನ್ಯಾಸ ಶ್ರವಣದಲ್ಲಿ)

ಉಪನ್ಯಾಸ ಕೇಳುತ್ತಲೇ ವಿಷಯದ ಭಾರ ಹೊತ್ತ ಪದಗಳನ್ನು ಆರಿಸಿಕೊಳ್ಳುವ ಕೌಶಲ. ಪಾಠದ ಭಾಷೆ ಬದಲಾದಂತೆ ಇದರ ಬಗೆಯೂ ಬದಲಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ (ಸ್ಥಾಪನೆ 1916) ಬಹುಕಾಲ ಪಾಠ ನಡೆದದ್ದು ಇಂಗ್ಲಿಷಿನಲ್ಲಿ. ಎಂ. ಹಿರಿಯಣ್ಣನವರ ಭಾರತೀಯ ತತ್ತ್ವಶಾಸ್ತ್ರದ ಪ್ರಸಿದ್ಧ ಇಂಗ್ಲಿಷ್ ಗ್ರಂಥ (1932) ಇಲ್ಲಿನ ಉಪನ್ಯಾಸಗಳಿಂದಲೇ ರೂಪುಗೊಂಡಿತು. ಅಂಥ ಪಾಠದಲ್ಲಿ ಇಂಗ್ಲಿಷಿನ ನಡುವೆ ಬರುವ ಪ್ರಮಾಣ, ಅವಿದ್ಯೆ, ಮೋಕ್ಷದಂಥ ಪದಗಳು ಕನ್ನಡ ಕಿವಿಗೆ ಥಟ್ಟನೆ ಸಿಗುವ ಆಸರೆಗಳು. ಮುಂದೆ ಕವಿ ಕುವೆಂಪು ಇಲ್ಲಿನ ಕುಲಪತಿಯಾಗಿ (1956–60) ಕನ್ನಡ ಮಾಧ್ಯಮಕ್ಕೆ ಒತ್ತುಕೊಟ್ಟರು. ಆದರೆ ಕನ್ನಡ ಉಪನ್ಯಾಸದ ಕಷ್ಟ ಬೇರೆ ಬಗೆಯದು, ಅದನ್ನು ಯಾರೂ ಅಷ್ಟಾಗಿ ಹೇಳಿಕೊಡುವುದಿಲ್ಲ: ‘ಎಂದರೆ’ ಕೇಳಿಸುವಷ್ಟರಲ್ಲಿ ಪಾರಿಭಾಷಿಕ ಪದ ದಾಟಿಹೋಗಿರುತ್ತದೆ, ಇಡೀ ಮಾತನ್ನು ತಿರುಗಿಸುವ ‘ಅಲ್ಲ’, ‘ಇಲ್ಲ’ ಬರುವುದು ದನಿ ಕುಗ್ಗುವ ವಾಕ್ಯಾಂತ್ಯದಲ್ಲಿ. ಹಾಗಾಗಿ ವಾಕ್ಯ ಮುಗಿಯುವವರೆಗೆ ಪೆನ್ನು ತಡೆಯುವುದು ಲೇಸು. ಮರುಕಳಿಸುವ ಪದ, ನಿಧಾನಿಸುವ ದನಿ, ಹಲಗೆಯ ಬರಹ ಇತರ ಸೂಚನೆಗಳು.