ದುಡಿಮೆ ಮಾರಿದವರು, ಸಲಹೆ ಮಾರಿದವರು

ವಿದೇಶಿ ವಿನಿಮಯ ಕಾಯ್ದೆಯ ಷರತ್ತಿಗೆ ಒಪ್ಪದೆ ಐಬಿಎಂ 1978ರಲ್ಲಿ ಭಾರತ ಬಿಟ್ಟಿತು. ಆ ಖಾಲಿ ಜಾಗದಲ್ಲಿ ವನಸ್ಪತಿ ಮಾರುತ್ತಿದ್ದ ವಿಪ್ರೋ ಕಂಪ್ಯೂಟರಿಗೆ ಕೈಹಾಕಿತು. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ ಎರಡೇ ವರ್ಷದಲ್ಲಿ ಬೆಂಗಳೂರಿಗೆ ಬಂತು. ಮುಂದೆ ವಿದೇಶಿ ಗಿರಾಕಿಗಳಿಗೆ ಇವರು ಮಾರಿದ್ದು ಹೆಚ್ಚಾಗಿ ಎಂಜಿನಿಯರುಗಳ ದುಡಿಮೆಯನ್ನು. ಯಾವ ಕೆಲಸ ಆಗಬೇಕೆಂದು ಗಿರಾಕಿಗೆ ಹೇಳುವ ಸಲಹೆಗಾರರು ಬೇರೆಯೇ ಇದ್ದರು, ಅವರ ದರವೂ ಬೇರೆ. ಅಡಿಕೆ ಸುಲಿದವನ ಕೂಲಿಗೂ ಮಂಡಿಯವನ ಲಾಭಕ್ಕೂ ಇರುವ ಅಂತರ ನಮ್ಮ ಬ್ಯಾರಿಗಳಿಗೆ ಹೊಸತಲ್ಲವಲ್ಲ!

ಭಾರತಕ್ಕೆ ಮರಳಿದ್ದ ಐಬಿಎಂ 2002ರಲ್ಲಿ ಪಿಡಬ್ಲ್ಯುಸಿಯ ಸಲಹಾ ವಿಭಾಗವನ್ನೇ ಸುಮಾರು 350 ಕೋಟಿ ಡಾಲರಿಗೆ ಕೊಂಡಿತು. ಇನ್ಫೋಸಿಸ್ 2004ರಲ್ಲಿ 2 ಕೋಟಿ ಡಾಲರ್ ಹಾಕಿ ಅಮೆರಿಕದಲ್ಲಿ ಸ್ವಂತ ಕನ್ಸಲ್ಟಿಂಗ್ ಕಂಪನಿ ತೆರೆಯಿತು. 2006ರ ಜೂನ್‌ನಲ್ಲಿ ಐಬಿಎಂ ಮುಖ್ಯಸ್ಥ ಸ್ಯಾಮ್ ಪಾಮಿಸಾನೊ ಬೆಂಗಳೂರಿನ ಅರಮನೆ ಮೈದಾನಕ್ಕೇ ಬಂದು, ಭಾರತದಲ್ಲಿ ಮೂರು ವರ್ಷಕ್ಕೆ 600 ಕೋಟಿ ಡಾಲರ್ ಹೂಡುತ್ತೇವೆಂದು ಸಾರಿದರು. ಇಲ್ಲಿನ ಅಗ್ಗದ ದುಡಿಮೆ ಇನ್ನು ಇಲ್ಲಿನ ಕಂಪನಿಗಳ ಸ್ವತ್ತಾಗಿ ಉಳಿಯಲಿಲ್ಲ.

2008ರಲ್ಲಿ ಎಸ್‌ಎಪಿ ತಂತ್ರಾಂಶದ ಸಲಹೆಗೆ ಹೆಸರಾದ ಬ್ರಿಟನ್ನಿನ ಆಕ್ಸಾನ್ ಮಾರಾಟಕ್ಕೆ ಬಂತು. ಇನ್ಫೋಸಿಸ್ ಷೇರಿಗೆ 600 ಪೆನ್ಸ್ ಕೂಗಿದರೆ ಎಚ್‌ಸಿಎಲ್ 650 ಕೂಗಿತು. ಇನ್ಫೋಸಿಸ್ ದರ ಏರಿಸದೆ ಹಿಂದೆ ಸರಿಯಿತು. ಅತಿಯಾದ ಲೆಕ್ಕಾಚಾರ ಅದು ಅಂತ ನನಗನಿಸುತ್ತದೆ. ನಾಲ್ಕು ವರ್ಷದ ಬಳಿಕ ಅದೇ ದಾರಿಗೆ ಬಂದು, ಸ್ವಿಟ್ಜರ್ಲೆಂಡಿನ ಲೋಡ್‌ಸ್ಟೋನ್ ಸಲಹಾ ಕಂಪನಿಗೆ ಸುಮಾರು 35 ಕೋಟಿ ಡಾಲರ್ ತೆತ್ತಿತು.