ಅಡುಗೆ ಹಳೇದು, ಅಕ್ಕಿ ಹೊಸದು

ಹೋದ ತಿಂಗಳು ಒಂದು ಭಾನುವಾರ ಗೆಳೆಯರನ್ನು ಊಟಕ್ಕೆ ಕರೆದಿದ್ದೆ. ಏನೋ ಜೋಶ್‌ನಲ್ಲಿ ರಿಸೊಟ್ಟೊ ಮಾಡ್ತೀನಿ ಅಂದುಬಿಟ್ಟಿದ್ದೆ. ಸೂಪರ್‌ಮಾರ್ಕೆಟ್‌ನಲ್ಲಿ ಅರ್ಬೋರಿಯೊ ಅಕ್ಕಿಯ ಬೆಲೆ ನೋಡಿ, ಪ್ಯಾಕೆಟ್ಟನ್ನು ಮೆಲ್ಲಗೆ ಅಲ್ಲೇ ಇಟ್ಟು ವಾಪಸ್ ಬಂದೆ. ಮನೆಯ ಡಬ್ಬದಲ್ಲಿ ಸೋನಾ ಮಸೂರಿ ಇತ್ತಲ್ಲ! ಈರುಳ್ಳಿಯನ್ನು ಬೆಣ್ಣೆಯಲ್ಲಿ ಬಾಡಿಸಿ, ಅಕ್ಕಿ ಹುರಿದು, ತರಕಾರಿ ಬೇಯಿಸಿದ ಬಿಸಿನೀರನ್ನು ಸೌಟು ಸೌಟಾಗಿ ಹಾಕುತ್ತಾ ಕೈಯಾಡಿಸಿದೆ. ಗೆಳತಿಯೊಬ್ಬಳು ಒಂದು ಚಮಚ ಬಾಯಿಗಿಟ್ಟು, "ಚೀಸ್ ಹಾಕಿದ ಪೊಂಗಲ್ ಚೆನ್ನಾಗಿದೆ ಕಣೋ. ಆದ್ರೆ ಇದು ರಿಸೊಟ್ಟೊ ಅಲ್ಲ. ಅದಕ್ಕೆ ಅದರದ್ದೇ ಅಕ್ಕಿ ಬೇಕು" ಅಂದಳು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ 'ಅದರದ್ದೇ ಅಕ್ಕಿ' ಅನ್ನೋ ಮಾತು ತಲೆಯಲ್ಲಿ ಉಳಿಯಿತು. ಆ ಅಕ್ಕಿ ಯಾವ ಕಾಲದ್ದು?

ಭತ್ತ ಇಟಲಿಗೆ ಹೊರಗಿನಿಂದ ಬಂದ ಬೆಳೆ. ಉತ್ತರದ ಪೋ ನದಿಯ ಬಯಲಿನಲ್ಲಿ ಅದು ಬೇರೂರಿದ್ದು 15ನೇ ಶತಮಾನದಲ್ಲಿ. 1475ರಲ್ಲಿ ಮಿಲಾನಿನ ಡ್ಯೂಕ್ ಗಲೆಯಾಟ್ಸೊ ಮರಿಯಾ ಸ್ಫೋರ್ಜಾ, ಫೆರಾರಾದ ಡ್ಯೂಕ್‌ಗೆ 12 ಮೂಟೆ ಬಿತ್ತನೆ ಭತ್ತ ಕೊಡುವ ಬಗ್ಗೆ ಬರೆದ ಪತ್ರವಿದೆ. ಆಮೇಲೆ ಶತಮಾನಗಳ ಕಾಲ ಅಲ್ಲಿ ಬೆಳೆದ ಭತ್ತಕ್ಕೆ ಇದ್ದ ಹೆಸರು ನೊಸ್ತ್ರಾಲೆ. ಅಂದರೆ 'ನಮ್ಮದು'. ನಾವು ನಾಟಿ ಕೋಳಿ, ನಾಟಿ ಟೊಮ್ಯಾಟೊ ಅಂತೀವಲ್ಲ, ಹಾಗೆ.

ಈ ನಾಟಿ ಅಕ್ಕಿಗೆ ಎಂಥ ಕಾವಲಿತ್ತು ಗೊತ್ತಾ? 1787ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಪಿಯೆಮೊಂಟೆಗೆ ಹೋದ. ಇಟಲಿಯ ಅಕ್ಕಿಗೆ ಫ್ರಾನ್ಸಿನಲ್ಲಿ ತಮ್ಮ ಕೆರೊಲಿನಾ ಅಕ್ಕಿಗಿಂತ ಬೇರೆಯದೇ ಬೇಡಿಕೆ ಯಾಕೆ ಅಂತ ಅವನಿಗೆ ಕುತೂಹಲ. ಗುಟ್ಟು ಅಕ್ಕಿ ಮಾಡುವ ಯಂತ್ರದಲ್ಲಿದೆ ಅಂದುಕೊಂಡಿದ್ದ. ನೋಡಿದರೆ ಯಂತ್ರ ತಮ್ಮಲ್ಲಿರುವಂಥದ್ದೇ, ತಳಿ ಮಾತ್ರ ಬೇರೆ. ಸಿಪ್ಪೆ ತೆಗೆಯದ ಭತ್ತವನ್ನು ಹೊರಗೆ ಒಯ್ದರೆ ಅಲ್ಲಿ ಮರಣದಂಡನೆ. ಆದರೂ ಆಸಾಮಿ ಕೋಟಿನ ಜೇಬುಗಳಿಗೆ ಭತ್ತ ತುಂಬಿಕೊಂಡು ಗಡಿ ದಾಟಿದ.

ಹೀಗೆ ಕಾಯ್ದುಕೊಂಡ ನೊಸ್ತ್ರಾಲೆಯನ್ನು ಮುಗಿಸಿದ್ದು ಕಳ್ಳರಲ್ಲ, ಬೆಂಕಿರೋಗ. ನಮ್ಮ ಭತ್ತದ ರೈತರಿಗೂ ಚೆನ್ನಾಗಿ ಪರಿಚಯವಿರುವ ಅದೇ ಶಿಲೀಂಧ್ರ ರೋಗ. ಇಟಲಿಯವರು ಅದನ್ನು ಬ್ರುಸೋನೆ ಅಂತಾರೆ, ಅಲ್ಲೂ ಅರ್ಥ ಸುಟ್ಟದ್ದು ಅಂತಲೇ. 19ನೇ ಶತಮಾನದಲ್ಲಿ ಅದು ಗದ್ದೆ ಗದ್ದೆಗಳನ್ನೇ ಒಣಗಿಸಿತು. ಊರಿಗೆಲ್ಲ ಒಂದೇ ತಳಿ ಇದ್ದರೆ ಆಗುವುದೇ ಇಷ್ಟು. 1839ರಲ್ಲಿ ಕಲ್ಲೇರಿ ಎಂಬ ಜೆಸ್ಯೂಟ್ ಪಾದ್ರಿ ಫಿಲಿಪೈನ್ಸ್‌ನಿಂದ 43 ತಳಿಗಳ ಬೀಜ ತಂದ. ಇಟಲಿಯ ಗದ್ದೆಗಳಲ್ಲಿ ಏಷ್ಯಾದ ಬೇರೆ ಬೇರೆ ಭತ್ತಗಳು ಬಂದು ಕೂತವು.

ಈಗ ಅಡುಗೆಮನೆಗೆ ಬರೋಣ. 1829ರಲ್ಲಿ ಫೆಲಿಚೆ ಲುರಾಸ್ಕಿ ಎಂಬ ಬಾಣಸಿಗ ಮಿಲಾನಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕೇಸರಿ ಹಾಕಿದ ಹಳದಿ ರಿಸೊಟ್ಟೊ ಇದೆ. 1891ರಲ್ಲಿ ಬಂದ ಪೆಲ್ಲೆಗ್ರಿನೊ ಆರ್ಟೂಸಿಯ ಪ್ರಸಿದ್ಧ ಪುಸ್ತಕದಲ್ಲೂ ಮಿಲಾನ್ ರಿಸೊಟ್ಟೊ ಇದೆ. ನಾವು ಇವತ್ತು 'ರಿಸೊಟ್ಟೊ ಅಕ್ಕಿ' ಅನ್ನುವ ತಳಿಗಳು? ವೆರ್ಚೆಲ್ಲಿಯಲ್ಲಿ ಭತ್ತದ ಸಂಶೋಧನಾ ಕೇಂದ್ರ ಶುರುವಾದದ್ದೇ 1908ರಲ್ಲಿ. ವಿಯಾಲೋನೆ ನಾನೊ ಬಂದದ್ದು 1937ರಲ್ಲಿ. ಕಾರ್ನರೋಲಿ 1945ರಲ್ಲಿ. ಅರ್ಬೋರಿಯೊ 1946ರಲ್ಲಿ. ಅಂದರೆ ಲುರಾಸ್ಕಿಯ ಪುಸ್ತಕಕ್ಕೂ ಅರ್ಬೋರಿಯೊಗೂ 117 ವರ್ಷಗಳ ಅಂತರ. ಅಷ್ಟೂ ವರ್ಷ ಮಿಲಾನಿನವರು ಇದ್ದ ಅಕ್ಕಿಯಲ್ಲೇ ರಿಸೊಟ್ಟೊ ಮಾಡಿ ತಿಂದಿದ್ದಾರೆ.

ಹಾಗಂತ ಯಾವ ಅಕ್ಕಿಯಾದರೂ ನಡೆಯುತ್ತೆ ಅಂತಲ್ಲ. ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ. ಅಮೈಲೊಪೆಕ್ಟಿನ್ ನೀರಿಗೆ ಬಿಟ್ಟುಕೊಂಡು ಕೆನೆಯಂತಾಗುತ್ತೆ, ಅಮೈಲೋಸ್ ಕಾಳನ್ನು ಗಟ್ಟಿಯಾಗಿ ಹಿಡಿದಿಡುತ್ತೆ. ಕಾರ್ನರೋಲಿಯಲ್ಲಿ ಎರಡರ ಹದವೂ ಚೆನ್ನಾಗಿದೆ: ಹೊರಗೆ ಕೆನೆ, ಒಳಗೆ ಹಲ್ಲಿಗೆ ಸಿಗುವ ಕಾಳು. ಬಾಸ್ಮತಿ ಉದುರುದುರು, ಕೆನೆ ಬರಲ್ಲ. ಸೋನಾ ಮಸೂರಿಯ ಕಾಳು ಸಣ್ಣ, ಬೇಗ ಬೆಂದು ಮೆತ್ತಗಾಗುತ್ತೆ. ಗೆಳತಿಯ ನಾಲಿಗೆ ಸುಳ್ಳು ಹೇಳಿರಲಿಲ್ಲ. ಚಿತ್ರಾನ್ನಕ್ಕೊಂದು ಅಕ್ಕಿ, ಬಿಸಿಬೇಳೆಬಾತಿಗೊಂದು ಅಕ್ಕಿ ಅಂತ ಆರಿಸುವ ಅಮ್ಮಂದಿರಿಗೆ ಇದನ್ನು ಯಾರೂ ಪಾಠ ಮಾಡಬೇಕಿಲ್ಲ.

ನನಗೆ ನಿಜಕ್ಕೂ ಮಜಾ ಅನಿಸಿದ್ದು ಇನ್ನೊಂದು ಸಂಗತಿ. ಕಾರ್ನರೋಲಿ ಪೈರು ಎತ್ತರ, ಗಾಳಿಮಳೆಗೆ ಮಲಗಿಬಿಡುತ್ತೆ, ಬೆಂಕಿರೋಗಕ್ಕೂ ಸುಲಭದ ತುತ್ತು. ಹಾಗಾಗಿ ರೈತರು ಕಾರ್ನಾಕ್, ಕರವಾಜ್ಜೊದಂಥ ಗಿಡ್ಡ ತಳಿಗಳನ್ನೂ ಬೆಳೀತಾರೆ. ಇಟಲಿಯ ಕಾನೂನಿನ ಪ್ರಕಾರ ಅವನ್ನೂ ಕಾರ್ನರೋಲಿ ಎಂಬ ಹೆಸರಲ್ಲೇ ಮಾರಬಹುದು! 2017ರ ಕಾನೂನು ಬಂದ ಮೇಲೆ, ಅಸಲಿ ತಳಿಯೇ ಇದ್ದರೆ ಮಾತ್ರ ಪ್ಯಾಕೆಟ್ ಮೇಲೆ 'ಕ್ಲಾಸಿಕೊ' ಅಂತ ಹಾಕಬಹುದು. ಅಂದರೆ ಅಕ್ಕಿ ಬದಲಿಸುವ ಕೆಲಸ ನನ್ನ ಅಡುಗೆಮನೆಗೆ ಬರುವ ಮುಂಚೆ ಇಟಲಿಯಲ್ಲೇ ನಡೆದಿದೆ.

ನಗೋದು ಬೇಡ. ನಮ್ಮ ಅಂಗಡಿಗಳಲ್ಲಿ ಸೋನಾ ಮಸೂರಿ ಅಂತ ಕೊಡೋ ಅಕ್ಕಿಯೂ ಎಷ್ಟೋ ಸಲ ಬಿಪಿಟಿ 5204 ಎಂಬ ಬೇರೆ ತಳಿ. ನನ್ನ ಡಬ್ಬದಲ್ಲಿ ಇದ್ದದ್ದು ಯಾವುದು ಅಂತ ನಾನು ಯಾವತ್ತೂ ಕೇಳಿಯೇ ಇರಲಿಲ್ಲ.

ಇದನ್ನೆಲ್ಲ ಗೆಳತಿಗೆ ಫೋನಲ್ಲಿ ಹೇಳಿದೆ. "ಸರಿನಪ್ಪ, ಇತಿಹಾಸ ಚೆನ್ನಾಗಿದೆ. ರುಚಿ?" ಅಂದಳು. ಮುಂದಿನ ಸಲ ಅಕ್ಕಿ ತೊಳೆಯಲ್ಲ, ಪಿಷ್ಟ ನೀರಿಗೆ ಹೋಗಬಾರದು. ಐದು ನಿಮಿಷ ಮುಂಚೆಯೇ ಒಲೆ ಆರಿಸ್ತೀನಿ. ಆಗಲೂ ಪೊಂಗಲ್ ಆದರೆ, ಮೇಲೊಂದು ಮೆಣಸಿನ ಒಗ್ಗರಣೆ ಹಾಕಿ ಬಡಿಸ್ತೀನಿ.