ಕೋಲಾರ ಸೀಮೆಯ ನಾಲ್ಕು ಪಟ್ಟಣಗಳ ಘನತ್ಯಾಜ್ಯ: ಸಾಗಣೆ ವೆಚ್ಚದ ವಿವೇಚನೆ

ಅಭಿವೃದ್ಧಿಶೀಲ ದೇಶಗಳ ನಗರಾಡಳಿತಗಳು ಘನತ್ಯಾಜ್ಯಕ್ಕೆಂದು ಮಾಡುವ ವೆಚ್ಚದ ಬಹುಪಾಲು ಸಂಗ್ರಹಣೆ ಮತ್ತು ಸಾಗಣೆಯಲ್ಲೇ ಕರಗಿ, ಸಂಸ್ಕರಣೆಗೂ ಅಂತಿಮ ವಿಲೇವಾರಿಗೂ ಅಳಿದುಳಿದ ಹಣವಷ್ಟೇ ದಕ್ಕುತ್ತದೆ. ಆದುದರಿಂದ ಮಿತವ್ಯಯದ ಯೋಜನೆಯು ಯಾವ ಯಂತ್ರವನ್ನು ಕೊಳ್ಳಬೇಕೆಂಬುದಕ್ಕಿಂತ ಮೊದಲು ಯಾವ ಕಸವನ್ನು ಎಷ್ಟು ದೂರ ಹೊರಬೇಕೆಂಬುದನ್ನು ತೀರ್ಮಾನಿಸಬೇಕಾಗುತ್ತದೆ.

2011ರ ಜನಗಣತಿಯಂತೆ ಕೋಲಾರದಲ್ಲಿ ಸುಮಾರು 1.38 ಲಕ್ಷ, ಮುಳಬಾಗಿಲಿನಲ್ಲಿ 57 ಸಾವಿರ, ಮಾಲೂರಿನಲ್ಲಿ 40 ಸಾವಿರ, ಶ್ರೀನಿವಾಸಪುರದಲ್ಲಿ 27 ಸಾವಿರ ಜನರಿದ್ದು, ತಲೆಗೆ ದಿನಕ್ಕೆ 300 ಗ್ರಾಂ ಎಂದು ಎಣಿಸಿದರೆ ನಾಲ್ಕೂ ಸೇರಿ ಸುಮಾರು 79 ಟನ್ ಕಸವಾಗುತ್ತದೆ; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೋಲಾರ ನಗರವೊಂದರದ್ದೇ. ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳು ಸಾಮೂಹಿಕ ನೈರ್ಮಲ್ಯ ಭೂಭರ್ತಿಯನ್ನು, ಅಂದರೆ ಕಸದ ರಸ ನೆಲಕ್ಕಿಳಿಯದಂತೆ ತಳಕ್ಕೆ ಹೊದಿಕೆ ಹಾಸಿದ ಗುಂಡಿಯನ್ನು, ಹಂಚಿಕೊಳ್ಳಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸೂಚಿಸಿದ್ದವು. ತಳಹೊದಿಕೆ, ತೂಕಸೇತುವೆ, ಕಾವಲು ಇವುಗಳ ಖರ್ಚು ಗುಂಡಿ ಚಿಕ್ಕದಾದ ಮಾತ್ರಕ್ಕೆ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲವಾದ್ದರಿಂದ ಈ ಸೂಚನೆ ಅರ್ಥಶಾಸ್ತ್ರಕ್ಕೂ ಒಪ್ಪುತ್ತದೆ.

ಆದರೆ ಒಂದೇ ಗುಂಡಿ ಎಂದರೆ ಎಲ್ಲ ಕಸವೂ ಅಲ್ಲಿಗೇ ಹೋಗಬೇಕೆಂದಲ್ಲ. ಮುಳಬಾಗಿಲಿನ 17 ಟನ್ ಕಸವನ್ನು ಸುಮಾರು 30 ಕಿ.ಮೀ. ದೂರದ ಕೋಲಾರದ ಕಡೆಗೆ ಒಯ್ದರೆ ದಿನಕ್ಕೆ 510 ಟನ್-ಕಿಲೋಮೀಟರ್, ಅಂದರೆ ಭಾರ ಮತ್ತು ದೂರದ ಗುಣಲಬ್ಧದಷ್ಟು ಸಾಗಣೆಯಾಗುತ್ತದೆ. ಅರ್ಧದಷ್ಟಿರುವ ಹಸಿ ಕಸವನ್ನು ಮುಳಬಾಗಿಲಿನಲ್ಲೇ ಗೊಬ್ಬರ ಮಾಡಿ, ಕಾಲು ಭಾಗದ ಒಣ ಕಸವನ್ನು ಗುಜರಿಗೆ ಕಳಿಸಿದರೆ ಅದು 130ರ ಆಸುಪಾಸಿಗೆ ಇಳಿಯುತ್ತದೆ. ಹಸಿ ಕಸದ ತೂಕದಲ್ಲಿ ಹೆಚ್ಚಿನದು ನೀರೇ ಆಗಿರುವುದರಿಂದ, ಬೇರ್ಪಡಿಸದ ಕಸದ ಲಾರಿಯು ಬರಗಾಲದ ಜಿಲ್ಲೆಯಲ್ಲಿ ಡೀಸೆಲ್ ಸುಟ್ಟು ನೀರು ಹೊತ್ತಂತೆಯೇ ಸರಿ.

ತಲಾವಾರು ಸರಾಸರಿಗೆ ಸಿಗದ ಕಸವೂ ಇದೆ. ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ದರ ಕುಸಿದಾಗ ಕ್ರೇಟುಗಟ್ಟಲೆ ಸುರಿಯುವ ಟೊಮೆಟೊ, ಶ್ರೀನಿವಾಸಪುರದ ಮಂಡಿಗಳಲ್ಲಿ ಮಾವಿನ ಸುಗ್ಗಿಯಲ್ಲಿ ಉಳಿಯುವ ಕೊಳೆತ ಹಣ್ಣು ಮತ್ತು ಹುಲ್ಲು, ಇವು ಮನೆಮನೆಗೆ ಬರುವ ಆಟೊ ಟಿಪ್ಪರಿನ ಲೆಕ್ಕಕ್ಕೆ ಸೇರುವಂಥವಲ್ಲ. ಇವುಗಳಿಗೆ ಮಂಡಿಯ ಬಳಿಯೇ ಗೊಬ್ಬರದ ತೊಟ್ಟಿಗಳಿದ್ದರೆ, ಸುಗ್ಗಿಯ ಕೆಲವೇ ವಾರಗಳಿಗಾಗಿ ವರ್ಷವಿಡೀ ಹೆಚ್ಚುವರಿ ವಾಹನ ಸಾಕಬೇಕಾಗಿಲ್ಲ.

ಗುಂಡಿಯ ಜಾಗದ ಆಯ್ಕೆಯಲ್ಲಿ ದೂರಕ್ಕಿಂತ ಇಳಿಜಾರು ಮುಖ್ಯ. ಸದಾ ಹರಿಯುವ ನದಿಯಿಲ್ಲದ ಈ ಜಿಲ್ಲೆ ಕೆರೆ, ಕೊಳವೆಬಾವಿಗಳನ್ನೇ ನಂಬಿದ್ದು, 2018ರಿಂದ ಬೆಂಗಳೂರಿನ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯ ಸಂಸ್ಕರಿತ ಕೊಳಚೆನೀರನ್ನು ಅಂತರ್ಜಲಕ್ಕಾಗಿಯೇ ಕೆರೆಗಳಿಗೆ ತುಂಬಿಸಲಾಗುತ್ತಿರುವಾಗ, ಅದೇ ಕೆರೆಯ ಮೇಲ್ಭಾಗದಲ್ಲಿ ಗುಂಡಿ ತೋಡಿದರೆ ಸಾಗಣೆಯ ಉಳಿತಾಯವನ್ನು ನೀರಿನ ನಷ್ಟ ನುಂಗಿಹಾಕುತ್ತದೆ. ಇನ್ನು ಗುಂಡಿಯ ಖರ್ಚನ್ನು ಜನಸಂಖ್ಯೆಯಂತೆ ಹಂಚಿದರೆ ಕಸ ಬೇರ್ಪಡಿಸಿದ ಊರಿಗೂ ಬೇರ್ಪಡಿಸದ ಊರಿಗೂ ವ್ಯತ್ಯಾಸವೇ ಉಳಿಯದು; ತೂಕಸೇತುವೆಯ ಚೀಟಿಯಂತೆ ಹಂಚಿದರೆ ಮಾತ್ರ ಹಸಿ ಕಸವನ್ನು ತನ್ನಲ್ಲೇ ಮುಗಿಸಿದ ಪುರಸಭೆಯ ಪಾಲು ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ.